ಬಿಸಿಲಿಗೆ ಹಿಡಿದ ಎಲೆ

ಲಿಂಬೆ ಎಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಅದನ್ನು ಬಿಸಿಲಿಗೆ ಎತ್ತಿ ನೋಡುವುದು ನಮ್ಮ ಮೇಡಂ ಅವರ ರೂಢಿ. ಹಾಗೆ ನೋಡುವಾಗ ಅವರ ಬಾಯಿ ತುಸು ತೆರೆದಿರುತ್ತಿತ್ತು. ತಲೆಯ ಮೇಲಿನ ದುಪಟ್ಟಾ ಜಾರಿ ಹೆಗಲಿಗೆ ಬಂದರೂ ಖಬರಿರುತ್ತಿರಲಿಲ್ಲ. ಎಲೆಯ ನರಗಳು ಬೆಳಕಿನಲ್ಲಿ ಒಳಗೆ ನೀರು ತುಂಬಿದ ಹಾಗೆ ತಿಳಿಯಾಗಿ ಕಂಡರೆ ಸಂಶಯ ಪಡಬೇಕು, ಒಳಗೆ ವೈರಸ್ ಇರಬಹುದು. ಅವರು ನನಗೆ ಕಲಿಸಿದ ಮೊದಲ ಪಾಠ ಇದು. ಅವರ ಆ ಎರಡು ಬೆರಳುಗಳಿಗೆ ಯಾವಾಗಲೂ ಲಿಂಬೆ ತೊಪ್ಪಲಿನ ವಾಸನೆ ಇರುತ್ತಿತ್ತು. ಪೆನ್ನು ಕೊಟ್ಟರೆ ಪೆನ್ನಿಗೂ ಹತ್ತುತ್ತಿತ್ತು.

ಅವರು ಇಂಡಿಯವರೇ. ತಂದೆ ಇಂಡಿ ಪೇಟೆಯಲ್ಲಿ ಲಿಂಬೆಹಣ್ಣಿನ ದಲಾಲರಾಗಿದ್ದರು. ತಮ್ಮ ಓಣಿಯಲ್ಲಿ ಅವರು ಎಲ್ಲರಿಗೂ ಆಪಾ, ತೋಟದವರಿಗೆ ಅಕ್ಕಾರು, ನಮಗೆ ಮೇಡಂ. ಕೃಷಿ ಕಾಲೇಜಿನಲ್ಲಿ ಗಿಡಗಳ ವೈರಸ್ ಹುಡುಕುವುದು ಅವರ ಕೆಲಸ. ನಾನು ಸಿಂದಗಿಯವಳು. ಎಂ.ಎಸ್ಸಿ. ಮುಗಿಸಿ ಬೇರೆಲ್ಲೂ ನೌಕರಿ ಸಿಗದೆ ಅವರ ಪ್ರಾಜೆಕ್ಟಿಗೆ ಬಂದು ಬಿದ್ದವಳು. ಸಂದರ್ಶನದ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಜಡ್ಡಿಲ್ಲದ ಗಿಡಾ ಯಾವಾಗರೆ ಒಂದ ತಾಸ ನಿಂತ ನೋಡಿಯೇನು?"

"ಇಲ್ರಿ ಮೇಡಂ. ಅದನ್ನ ಯಾಕ ನೋಡೂದ್ರಿ?"

"ಹಂಗಾರ ನಾಳಿಂದ ಬಾ. ಮೊದ್ಲ ಅದನ್ನ ನೋಡೂದ ಕಲೀಬೇಕು" ಎಂದರು. ಈ ಹೆಣ್ಣುಮಗಳಿಗೆ ತಲೆ ಕೆಟ್ಟಿದೆ ಎಂದುಕೊಂಡೇ ನಾನು ಕೆಲಸಕ್ಕೆ ಸೇರಿದೆ.

ಕಾಲೇಜಿನ ಜೀಪು ನಿಂತಲ್ಲೇ ನಿಂತಿರುತ್ತಿದ್ದುದರಿಂದ ನಮ್ಮ ತಿರುಗಾಟವೆಲ್ಲ ಬಸ್ಸಿನಲ್ಲಿ. ಎಲೆಗಳನ್ನು ಬರ್ಫದಲ್ಲಿಟ್ಟು ತರಲು ಒಂದು ಥರ್ಮೋಕೋಲ್ ಡಬ್ಬಿ ಇತ್ತು. ಕೊಲ್ಹಾರದಿಂದ ಮೀನು ತರುವವರ ಬಳಿ ಇರುವಂಥದ್ದೇ. ಒಮ್ಮೆ ಬಾಗೇವಾಡಿ ಬಸ್ಸಿನಲ್ಲಿ ಪಕ್ಕದ ಹೆಣ್ಣುಮಗಳು ಕೇಳಿಯೇಬಿಟ್ಟಳು, "ಹೊಳಿ ಮೀನೇನ್ರಿ? ಹ್ಯಾಂಗ ಕೊಟ್ರಿ?"

"ಮೀನಲ್ರಿ, ಲಿಂಬಿ ತೊಪ್ಪಲ."

"ತೊಪ್ಪಲಕ್ಕ ಬರ್ಫ ಯಾಕಬೇಕ್ರಿ ಯವ್ವಾ?"

ಸಾಕು, ಮೇಡಂಗೆ ಅಷ್ಟೇ ಬೇಕಿತ್ತು. ದಾರಿಯುದ್ದಕ್ಕೂ ಆಕೆಗೆ ವೈರಸ್ ಪುರಾಣ. ಆಕೆ ತನ್ನ ಊರು ಬಂದಾಗ "ನಮ್ಮ ಹಿತ್ತಲದಾಗೂ ಒಂದ ಲಿಂಬಿಗಿಡಾ ಐತ್ರಿ, ನೋಡಿ ಹೋಗ್ರಿ" ಎಂದು ಬಾಯಿಮಾತಿಗೆ ಕರೆದರೆ ಇವರು ಡಬ್ಬಿ ಎತ್ತಿಕೊಂಡು ಇಳಿದೇಬಿಟ್ಟರು. ಮುಂದಿನ ಬಸ್ಸು ಯಾವಾಗಲೋ ದೇವರಿಗೇ ಗೊತ್ತು. ನಾನು ಮುಖ ಗಂಟು ಹಾಕಿಕೊಂಡು ಅವರ ಹಿಂದೆ ನಡೆದೆ. ಆ ಗಿಡಕ್ಕೆ ಏನೂ ಆಗಿರಲಿಲ್ಲ. ಮೇಡಂ ಅದನ್ನು ಸುತ್ತು ಹಾಕಿ ನೋಡಿ, "ಎಷ್ಟ ಆರಾಮ ಐತಿ ನೋಡ" ಎಂದು ನನ್ನ ಕಡೆ ತಿರುಗಿ ನಕ್ಕರು.

ಇಂಡಿಯ ಹೊರಗೆ ಲಿಂಬೆ ಸಸಿಗಳ ಒಂದು ನರ್ಸರಿ ಇತ್ತು. ನಡೆಸುವವರನ್ನು ನಾವು ಕಾಕಾ ಎನ್ನುತ್ತಿದ್ದೆವು. ಕಾಕಾನ ಸಸಿಗಳೆಲ್ಲ ಒಂದೇ ತಾಯಿಗಿಡದ ಹಣ್ಣಿನ ಬೀಜದವು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಎಷ್ಟೋ ತೋಟಗಳು ಆ ಗಿಡದ ಮಕ್ಕಳು. ಒಂದು ವರ್ಷ ಆ ತಾಯಿಗಿಡದ ಚಿಗುರು ಹಳದಿಯಾಗತೊಡಗಿತು. ಸುತ್ತಲಿನ ತೋಟದವರು ಬೇಲಿಯಾಚೆ ನಿಂತು ನೋಡಿ ಹೋಗಲು ಶುರುಮಾಡಿದರು. ತಾಯಿಗೆ ಜಡ್ಡಿದ್ದರೆ ಮಕ್ಕಳಿಗೂ ಇರುತ್ತದೆ ಎಂಬ ಮಾತು ಹುಟ್ಟಿತು. ಆ ಮಾತು ನಿಂತರೆ ಕಾಕಾನ ಜೀವಮಾನದ ಕೆಲಸ ಮುಗಿದ ಹಾಗೆ. ಅವರು ಮೇಡಂಗೆ ಹೇಳಿಕಳಿಸಿದರು.

ನಾವು ಹೋದಾಗ ಕಾಕಾ ಡಬ್ಬಿ ಕೆಳಗಿಡಲೂ ಬಿಡಲಿಲ್ಲ. "ತ್ವಾಟಕ್ಕ ಬಂದವರು ಉಪಾಸ ಗಿಡಾ ನೋಡೂ ಪದ್ಧತಿ ನಮ್ಮಲ್ಲಿಲ್ರಿ ಅಕ್ಕಾರ. ಮೊದ್ಲ ಎರಡ ತುತ್ತ ತಿನ್ರಿ." ನಮ್ಮ ಕಡೆ ಇದಕ್ಕೆ ಬೇಡ ಎನ್ನುವುದುಂಟೇ? ತಾಯಿಗಿಡದ ನೆರಳಲ್ಲೇ ಕೂತೆವು. ಅಂಗೈ ಮೇಲೆ ಜೋಳದ ರೊಟ್ಟಿ, ರೊಟ್ಟಿ ಮೇಲೆ ಕಾಕಾನ ಹೆಂಡತಿ ಕಾಕು ಹಸಿ ಕೆಂಪು ಮೆಣಸಿನಕಾಯಿ ಅರೆದು ಮಾಡಿದ ರಂಜಕ, ಅದರ ಮೇಲೆ ಮೊಸರು. ಮೇಡಂ ಖಾರಕ್ಕೆ ಮೂಗು ಸೋರಿಸಿಕೊಂಡು ಮತ್ತೊಂದು ರೊಟ್ಟಿ ಬೇಡಿದರು. ಆಮೇಲೆ ತಂಬಿಗೆಯ ನೀರು ಬೆರಳಿಗೆ ಸುರಿದುಕೊಂಡು ದುಪಟ್ಟಾಕ್ಕೆ ಒರೆಸಿ, ಎದ್ದು, ಹಳದಿ ಎಲೆಗಳನ್ನು ಒಂದೊಂದಾಗಿ ಕಿತ್ತು ಬಿಸಿಲಿಗೆ ಹಿಡಿಯತೊಡಗಿದರು. ಸಂಶಯ ಬಂದವನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ನಾನು ಆಚೆ ಬದಿಯ ಟೊಂಗೆಗಳಿಂದ ಕೈಗವಸು ಹಾಕಿ ಕತ್ತರಿಯಿಂದ ಕತ್ತರಿಸಿ ನನ್ನ ಚೀಲ ತುಂಬಿದೆ.

"ಇವನ್ನ ಒಯ್ದು ಏನ ಮಾಡ್ತೀರಿ?" ಎಂದು ಕಾಕಾ ಕೇಳಿದರು.

ಮೇಡಂ ಹೇಳಿದ್ದು ನನಗೆ ಇವತ್ತಿಗೂ ಬಾಯಿಪಾಠ. "ಊರಾಗಿನ ಲಗ್ನಪತ್ರಿಕಿ ಎಲ್ಲಾ ಸಣ್ಣಗ ಹರದು ಒಂದ ಚೀಲಕ್ಕ ತುಂಬ್ಯಾರಂತ ತಿಳ್ಕೋರಿ ಕಾಕಾ. ಎಲಿಯೊಳಗ ಹಂಗ ಚೂರು ಇರ್ತಾವು, ಲಕ್ಷಾಂತರ. ಮಷೀನ ಒಂದೊಂದ ಚೂರು ಓದಿ ಕೊಡತೈತಿ. ಲಿಂಬಿ ಮನೀವೆಲ್ಲಾ ಆರಿಸಿ ಬಾಜೂಕ ಇಡೂದು. ಉಳದ ಚೂರು ಯಾರ ಮನೀವು ಅಂತ ಕಂಪ್ಯೂಟರಿನಾಗ ಹೊಂದಿಸಿ ನೋಡೂದು."

"ಯಾರ ಮನೀವೂ ಅಲ್ಲದಿದ್ರ?"

"ಆಗ ಮಜಾ ಬರೂದು" ಎಂದು ಮೇಡಂ ಕಣ್ಣರಳಿಸಿದರು. ಕಾಕಾ ನಗಲಿಲ್ಲ. ತಾಯಿಗಿಡದ ಕಾಂಡದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

ಎಲೆಗಳನ್ನು ನಾವು ಅರೆದು, ಒಳಗಿನ ಆರ್‌ಎನ್‌ಎ ತೆಗೆದು, ಓದುವುದಕ್ಕೆ ಬೆಂಗಳೂರಿಗೆ ಕಳಿಸಿದೆವು. ಉತ್ತರ ಬಂದಾಗ ಇಡೀ ವಿಭಾಗ ಕಂಪ್ಯೂಟರ್ ಸುತ್ತ ನೆರೆಯಿತು. ಲಿಂಬೆಯದೆಲ್ಲ ತೆಗೆದಿಟ್ಟ ಮೇಲೆ ಉಳಿದ ಚೂರುಗಳಲ್ಲಿ ರಾಶಿಗಟ್ಟಲೆ ಇದ್ದದ್ದು ಮೆಣಸಿನಗಿಡದ ಒಂದು ವೈರಸ್. ಮೆಣಸಿನಕಾಯಿಯ ಜಡ್ಡು ಲಿಂಬೆಗೆ ಹಾರಿದೆ ಎಂದರೆ ಸಣ್ಣ ಸುದ್ದಿಯೇನಲ್ಲ. ಮೇಡಂ "ತಡೀರಿ, ತಡೀರಿ" ಎನ್ನುತ್ತಲೇ ಇದ್ದರು. ಆದರೆ ನಮ್ಮವರಲ್ಲೇ ಯಾರೋ ಚಹಾದ ಅಂಗಡಿಯಲ್ಲಿ ಬಾಯಿಬಿಟ್ಟಿದ್ದರು. ಸುದ್ದಿ ನಮಗಿಂತ ಮೊದಲು ಇಂಡಿ ಮುಟ್ಟಿತು.

ಎರಡನೆಯ ದಿನ ಕಾಕಾನ ಫೋನು ಬಂತು. ಮೇಡಂ ಸ್ಪೀಕರಿಗೆ ಹಾಕಿದರು. ಹಿಂದೆ ಮಂದಿಯ ಗದ್ದಲ ಕೇಳುತ್ತಿತ್ತು.

"ಅಕ್ಕಾರ, ಗಿಡಾ ಕಡೀಯಾಕ ಮಂದಿ ಬಂದಾರ್ರಿ. ಸುತ್ತಲಿನ ತ್ವಾಟಕ್ಕೆಲ್ಲಾ ಹಬ್ಬತೈತಂತ. ನೀವ ಹೂಂ ಅಂದ್ರ ನಾನ ಕೊಡ್ಲಿ ಹಚ್ಚತೇನಿ. ಮಂದಿ ಕೈಲೆ ಕಡಸೂದಿಲ್ಲ."

"ನಾ ಹೂಂ ಅನ್ನೂದಿಲ್ಲ ಕಾಕಾ. ನಾಳೆ ಬರ್ತೇನಿ. ಅಲ್ಲೀತನಾ ಗಿಡದ ಮುಂದ ಕುಂದರ್ರಿ."

ಫೋನಿಟ್ಟು ಅವರು ನಮ್ಮ ಎರಡೂ ಚೀಲಗಳ ಫಲಿತಾಂಶವನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತರು. ಊಟಕ್ಕೆ ಏಳಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ನನ್ನನ್ನು ಕರೆದರು.

"ಇಲ್ನೋಡ. ಮೆಣಸಿನಕಾಯಿದು ನನ್ನ ಚೀಲದಾಗ ರಗಡ ಐತಿ, ನಿನ್ನ ಚೀಲದಾಗ ಒಂದ ಚೂರೂ ಇಲ್ಲ. ಗಿಡಾ ಒಂದ. ಯಾಕ ಹಿಂಗ?"

"ಆಚಿ ಟೊಂಗಿಗೆ ಇನ್ನೂ ಹಬ್ಬಿಲ್ಲೇನೋರಿ."

ಅವರು ತಮ್ಮ ಹೆಬ್ಬೆರಳು ತೋರುಬೆರಳನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು, "ಅವತ್ತ ಊಟಕ್ಕ ಏನಿತ್ತು?"

"ರೊಟ್ಟಿ, ಮೊಸರ, ರಂಜಕ..." ಎನ್ನುತ್ತಿದ್ದವಳು ಅಲ್ಲಿಗೇ ನಿಂತೆ.

ಮೊದಲು ನಕ್ಕವಳು ನಾನೇ. ಅವರಿಗೂ ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೆಣಸಿನಕಾಯಿಯ ವೈರಸ್ ಬಲು ಗಟ್ಟಿ ಜೀವ. ಅರೆದರೂ, ಉಪ್ಪು ಹಾಕಿ ಇಟ್ಟರೂ ಅದರ ಗುರುತು ಅಳಿಯುವುದಿಲ್ಲ. ಕಾಕುನ ರಂಜಕ ಮೇಡಂ ಬೆರಳಿನಿಂದ ಎಲೆಗೆ ಹತ್ತಿ, ಎಲೆಯಿಂದ ಬೆಂಗಳೂರಿನ ಮಷೀನಿನ ತನಕ ಹೋಗಿ ಬಂದಿತ್ತು. ನಗು ನಿಂತ ಮೇಲೆ ಅವರ ಮುಖ ಸಣ್ಣದಾಯಿತು.

"ಕಾಕಾನ ಗಿಡಾ ನನ್ನ ಬೆರಳಿನ ಸಲುವಾಗಿ ಹೋಗತಿತ್ತಲ್ಲ" ಎಂದರು.

ಮರುದಿನ ತಾಯಿಗಿಡದ ಸುತ್ತ ತೋಟದವರೆಲ್ಲ ಸೇರಿದ್ದರು. ಮೇಡಂ ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ಒಬ್ಬ ಗಾಬರಿಯಾಗಿ, "ಅಂದ್ರ ಜಡ್ಡ ರಂಜಕದಾಗೈತೇನ್ರಿ? ನಾವು ದಿನಾ ತಿಂತೇವಲ್ರಿ" ಎಂದ. ಅದು ಮನುಷ್ಯರಿಗೆ ಏನೂ ಮಾಡುವುದಿಲ್ಲ, ಆರಾಮಾಗಿ ತಿನ್ನಿ ಎಂದು ಮೇಡಂ ಸಮಾಧಾನ ಹೇಳಿದರು. ಆಗ ಹಿಂದಿನಿಂದ ಒಬ್ಬ ಹಿರಿಯರು ಖಡಕ್ಕಾಗಿ ಕೇಳಿದರು.

"ಇಷ್ಟ ಕಲ್ತವರು ಕೈ ತೊಳಿಯೂದಿಲ್ಲೇನ್ರಿ?"

"ಬರೋಬ್ಬರಿ ತೊಳಿಲಿಲ್ರಿ. ತಪ್ಪ ನಂದ" ಎಂದರು ಮೇಡಂ. ಅಷ್ಟೇ. ಅದು ಹಾಗಲ್ಲ ಹೀಗೆ ಎಂದು ಒಂದು ಮಾತೂ ಸೇರಿಸಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಅಷ್ಟು ಮಂದಿ ಎದುರು ಹಾಗೆ ಕೇಳುವುದೇ? ಕಾಕು ಮಾತ್ರ ಒಳಗಿನಿಂದ ರೊಟ್ಟಿ ಬುಟ್ಟಿ ಹೊತ್ತು ಬಂದು, "ಇವತ್ತೂ ರಂಜಕನ ಮಾಡೇನ್ರಿ. ಮೊದ್ಲ ನಿಮ್ಮ ತೊಪ್ಪಲ ಹರಕೊಂಡ ಮುಗಸ್ರಿ. ಸೋಪ ಅಲ್ಲಿ ತೊಟ್ಟಿ ಮ್ಯಾಲ ಇಟ್ಟೇನಿ" ಎಂದಾಗ ಎಲ್ಲರೂ ನಕ್ಕರು. ಅವತ್ತು ಮೇಡಂ ಮೊಣಕೈತನಕ ಸೋಪು ಹಚ್ಚಿ ತೊಳೆದು, ಕೈಗವಸು ಹಾಕಿ, ಚಿಮಟಿಗೆಯಲ್ಲಿ ಎಲೆ ಹಿಡಿದು ಬಿಸಿಲಿಗೆ ಎತ್ತಿದರು. ಊಟ ಆಮೇಲೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೆಣಸಿನಕಾಯಿಯ ಗದ್ದಲದಲ್ಲಿ ನಾವ್ಯಾರೂ ಗಮನಿಸದ ಕೆಲವು ಚೂರುಗಳಿದ್ದವು. ಅವು ಅವರ ಚೀಲದಲ್ಲೂ ಇದ್ದವು, ನನ್ನ ಚೀಲದಲ್ಲೂ ಇದ್ದವು. ಎರಡನೆಯ ಸಲ ತಂದ ಎಲೆಗಳಲ್ಲೂ ಬಂದವು. ಮೇಡಂ ಅವನ್ನು ತುದಿಗೆ ತುದಿ ಹೊಂದಿಸುತ್ತ ಹೋದಂತೆ ಒಂದು ಇಡೀ ವೈರಸ್ಸಿನ ಬರಹವೇ ಎದ್ದು ಬಂತು. ಗೊತ್ತಿರುವ ಒಂದು ವೈರಸ್ ಕುಟುಂಬದ ಹೋಲಿಕೆ ಇತ್ತು, ಆದರೆ ಅದೇ ಆಗಿರಲಿಲ್ಲ. ಗೊತ್ತಿರುವ ಯಾವುದೂ ಆಗಿರಲಿಲ್ಲ.

ಅವರು ಕುರ್ಚಿ ಹಿಂದಕ್ಕೆ ಸರಿಸಿದರು. "ಇದೊಂದ ಜೀವ ಐತಿ ಅಂತ ಈ ಹೊತ್ತಿಗೆ ಜಗತ್ತಿನಾಗ ಬಲ್ಲವರು ನಾವಿಬ್ಬರ" ಎಂದರು. ಅಂಥ ಖುಷಿ ನನಗೆ ಅದಕ್ಕೆ ಮೊದಲು ಗೊತ್ತಿರಲಿಲ್ಲ, ಆಮೇಲೂ ಹಾಗೆ ಬಂದಿಲ್ಲ. ಮೇಡಂ ಮಾತ್ರ ಚಹಾ ತರಿಸಿ, "ಚಾ ಮುಗಿಯೂತನಾ ಖುಷಿ ಪಡ. ಆಮ್ಯಾಲ ಕಾಕಾಗ ಏನ ಹೇಳೂದು ಅಂತ ವಿಚಾರ ಮಾಡೂಣು" ಎಂದರು.

ಅವರ ಚಿಂತೆ ನನಗೆ ತಡವಾಗಿ ಅರ್ಥವಾಯಿತು. ಗಿಡ ಹಳದಿಯಾಗಿದೆ, ಒಳಗೆ ಯಾರೂ ಕಾಣದ ವೈರಸ್ ಇದೆ. ಕೇಳಿದವರೆಲ್ಲ ಇದೇ ಅದನ್ನು ಮಾಡಿದ್ದು ಎನ್ನುತ್ತಾರೆ. ನಾನೂ ಅದನ್ನೇ ಅಂದೆ. ಮೇಡಂ ತಲೆ ಅಲ್ಲಾಡಿಸಿದರು. "ಸಿಕ್ಕಿದ್ದು ಸಿಕ್ಕೇತಿ. ಮಾಡಿದ್ದು ಯಾರು ಅನ್ನೂದನ್ನ ಗಿಡಾ ಹೇಳಬೇಕು, ಕಂಪ್ಯೂಟರ ಅಲ್ಲ."

ಗಿಡದಿಂದ ಹೇಳಿಸುವ ದಾರಿ ಹಳೆಯದು, ನಿಧಾನದ್ದು. ತಾಯಿಗಿಡದ ಮೊಗ್ಗುಗಳನ್ನು ಆರೋಗ್ಯವಂತ ಸಸಿಗಳಿಗೆ ಕಸಿ ಕಟ್ಟಿದೆವು. ಅವುಗಳ ಪಕ್ಕದಲ್ಲೇ ವೈರಸ್ ಇಲ್ಲದ ಸಸಿಗಳನ್ನೂ ಇಟ್ಟೆವು. ಹುಳ ನುಗ್ಗದಂತೆ ಕಟ್ಟಿದ ಬಲೆಮನೆಯ ಬಾಗಿಲು ಹಾಕಿ ಕಾಯತೊಡಗಿದೆವು. ಕಾಕಾಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಅವರು, "ನಿಮ್ಮ ಸಸಿ ಖರೆ ಹೇಳೂತನಾ ನಾ ಈ ಗಿಡದ ಒಂದ ಸಸಿನೂ ಯಾರಿಗೂ ಕೊಡೂದಿಲ್ರಿ" ಎಂದರು. ಆ ವರ್ಷ ಅವರು ಲಿಂಬೆ ಮಡಿಗಳಲ್ಲಿ ನುಗ್ಗೆ ಸಸಿ ಬೆಳೆಸಿದರು. ಹಾದುಹೋಗುವವರು ಚೇಷ್ಟೆ ಮಾಡಿದರೂ ಬಾಯಿಬಿಡಲಿಲ್ಲ. ಕೊಡಲಿ ತಂದಿದ್ದವರೂ ಅವರ ಈ ಹಟ ನೋಡಿ ಸುಮ್ಮನಾದರು.

ಮಳೆಗಾಲ ಹೋಯಿತು, ಚಳಿ ಹೋಯಿತು. ಮೇಡಂ ದಿನಾ ಬೆಳಿಗ್ಗೆ ಬಲೆಮನೆಗೆ ಹೋಗಿ ಒಂದೊಂದು ಸಸಿಯ ಮುಂದೆಯೂ ನಿಲ್ಲುತ್ತಿದ್ದರು. ಕಾಕಾ ವಾರಕ್ಕೊಮ್ಮೆ ಫೋನ್ ಮಾಡಿ ಅದೂ ಇದೂ ಮಾತಾಡುತ್ತಿದ್ದರು, ಸಸಿಗಳ ಸುದ್ದಿ ಮಾತ್ರ ಕೇಳುತ್ತಿರಲಿಲ್ಲ. ಬೇಸಿಗೆ ಬಂದಾಗ ಕಸಿ ಕಟ್ಟಿದವೂ ಕಟ್ಟದವೂ ಒಂದೇ ಹಸಿರು, ಒಂದೇ ಎತ್ತರ. ಪರೀಕ್ಷೆ ಮಾಡಿದರೆ ಕಸಿ ಕಟ್ಟಿದ ಎಲ್ಲದರಲ್ಲೂ ಆ ವೈರಸ್ ಇತ್ತು. ಇದ್ದೂ ಏನೂ ಮಾಡಿರಲಿಲ್ಲ. "ಬಾಡಿಗಿ ಮನಿಯವರ ಗತೆ ತನ್ನ ಪಾಡಿಗೆ ತಾನ ಐತಿ" ಎಂದು ಮೇಡಂ ನಕ್ಕರು. ಹಳದಿ ಬಣ್ಣದ ಮೂಲ ಬೇರೆಯೇ ಇತ್ತು. ಕಾಕಾ ಹೊಸ ಬೋರಿನ ನೀರು ಬಿಟ್ಟಿದ್ದರು. ಆ ನೀರಿನ ಸುಣ್ಣದಿಂದಾಗಿ ಗಿಡಕ್ಕೆ ಮಣ್ಣಿನ ಕಬ್ಬಿಣ ಸಿಗುತ್ತಿರಲಿಲ್ಲ. ಮಣ್ಣಿನ ವಿಭಾಗದವರು ಹೇಳಿದಂತೆ ಮಾಡಿದ ಮೇಲೆ ಮುಂದಿನ ಚಿಗುರು ಹಸಿರಾಗಿಯೇ ಬಂತು. ಸುದ್ದಿ ಹೇಳಿದ ದಿನ ಕಾಕಾ ಫೋನಿನಲ್ಲಿ ಅತ್ತರು. ಮೇಡಂ ಕಿಟಕಿಯ ಕಡೆ ತಿರುಗಿ ನಿಂತರು.

ಇನ್ನು ಹೊಸ ವೈರಸ್ಸಿಗೆ ಹೆಸರಿಡಬೇಕು. ಕಂಡುಹಿಡಿದವರಿಗೆ ಅದರ ಹಕ್ಕು. ವಿಭಾಗದವರಿಗೆಲ್ಲ ಅದರಲ್ಲಿ 'ಇಂಡಿ' ಎಂಬ ಹೆಸರು ಬರಬೇಕೆಂಬ ಆಸೆ. ಎಲ್ಲರಿಗಿಂತ ಹೆಚ್ಚು ನನಗೆ. ಮೇಡಂ ಒಪ್ಪಲಿಲ್ಲ. ನನಗೆ ಸಿಟ್ಟು ಬಂದು ಜಗಳಕ್ಕೇ ನಿಂತೆ.

"ನಿಮ್ಮೂರ ಹೆಸರ ಜಗತ್ತಿಗೆಲ್ಲಾ ಗೊತ್ತಾಗೂದು ನಿಮಗ ಬ್ಯಾಡೇನ್ರಿ ಮೇಡಂ?"

"ಲಿಂಬಿ ಮ್ಯಾಲ ಗೊತ್ತಾಗ್ಲಿ, ವೈರಸ್ ಮ್ಯಾಲ ಬ್ಯಾಡ" ಎಂದರು. ನಾನು ಮುಖ ತಿರುಗಿಸಿದ್ದು ನೋಡಿ ಕೂಡಿಸಿಕೊಂಡು ಹೇಳಿದರು. "ನಾ ಸಣ್ಣಾಕಿ ಇದ್ದಾಗ ಒಮ್ಮೆ ಇಂಡಿ ಹಣ್ಣಿನಾಗ ಹುಳಾ ಅದಾವು ಅಂತ ದೂರದ ಪ್ಯಾಟ್ಯಾಗ ಯಾರೋ ಪುಕಾರ ಎಬ್ಬಿಸಿದ್ರು. ಲಾರಿ ಹೋದಂಗ ಹೋಗಿ ತಿರುಗಿ ಬಂದ್ವು. ನಮ್ಮ ಅಬ್ಬಾ ರಾಶಿ ಮುಂದ ಕುಂತು ಒಂದೊಂದ ಹಣ್ಣ ಕೊಯ್ದು ಹೋಗೋ ಬರೋ ಮಂದಿಗೆ ತೋರಿಸಿದ್ರು. ನೋಡ್ರಿ, ಏನೂ ಇಲ್ಲ ನೋಡ್ರಿ ಅಂತ. ಹಣ್ಣಿಗೆ ಖರೇನ ಏನೂ ಆಗಿರಲಿಲ್ಲ. ಹೆಸರಿಗೆ ಆಗಿತ್ತು. ನಾ ಮತ್ತ ಅದನ್ನ ಮಾಡ್ಲೇನು?"

ಇವತ್ತು ಆ ವೈರಸ್ಸಿಗೆ ಲಿಂಬೆ ಜಾತಿಯ ಹೆಸರು, ಮುಂದೊಂದು ಅಂಕಿ, ಇಷ್ಟೇ ಇದೆ. ಯಾರಿಗೂ ನೆನಪುಳಿಯದ ಒಣ ಹೆಸರು. ಅದು ಯಾವ ಊರಿನ ಯಾವ ಗಿಡದಲ್ಲಿ ಮೊದಲು ಸಿಕ್ಕಿತೆಂದು ಇಂಡಿ ಪೇಟೆಯಲ್ಲಿ ಕೇಳಿದರೆ ಹೇಳುವವರು ಸಿಗುವುದಿಲ್ಲ. ಮೇಡಂಗೆ ಬೇಕಾದದ್ದೂ ಅದೇ.

ಅದಾಗಿ ವರ್ಷ ತುಂಬುವುದರೊಳಗೆ ಅವರು ತೀರಿಕೊಂಡರು. ಹೃದಯ ನಿಂತಿತಂತೆ. ನಾನು ಮುದ್ದೇಬಿಹಾಳದ ಒಂದು ತೋಟದಲ್ಲಿ ಎಲೆ ಕತ್ತರಿಸುತ್ತಿದ್ದಾಗ ಫೋನು ಬಂತು. ಅಳು ಬರಲಿಲ್ಲ, ಸಿಟ್ಟು ಬಂತು. ಕೇಳಬೇಕೆಂದು ಎತ್ತಿಟ್ಟುಕೊಂಡ ಪ್ರಶ್ನೆಗಳು ಎಷ್ಟಿದ್ದವು. ಈಗ ನಾನೂ ಹೊಸ ಹುಡುಗಿಯರಿಗೆ ಕೆಲಸ ಕಲಿಸುತ್ತೇನೆ. ಯಾವುದೇ ಹೊಸದು ಕಂಡಾಗ ಅವರ ಕಣ್ಣು ಹೊಳೆಯುವುದನ್ನು ನೋಡಿ ಚಹಾ ತರಿಸುತ್ತೇನೆ. ಚಹಾ ಮುಗಿದ ಮೇಲೆ, ನಮ್ಮ ಕೈಯಿಂದಲೇ ಬಂದದ್ದಲ್ಲವೇ ನೋಡಿರಿ ಎನ್ನುತ್ತೇನೆ. ಆ ಮಾತು ನನ್ನದಲ್ಲ, ಅವರ ಋಣ.

ಮಣ್ಣಾದ ಕೆಲವು ದಿನಗಳ ಮೇಲೆ ಇಂಡಿಯ ಅವರ ಮನೆಗೆ ಹೋಗಿದ್ದೆ. ಅವರ ತಮ್ಮ ಅಂಗಳದಲ್ಲಿ ಕೂತಿದ್ದರು. ಕಾಕಾ ಒಂದು ಲಿಂಬೆ ಸಸಿ ಹಿಡಿದು ಬಂದರು. ಗೋರಿಯ ಬದಿಗೆ ಹಚ್ಚಲು ತಮ್ಮನೇ ಕೇಳಿದ್ದರಂತೆ. ತಾಯಿಗಿಡದ ಬೀಜದ್ದು. ಬೀಜದ ಸಸಿಗೆ ಆ ವೈರಸ್ ಇಳಿಯುವುದಿಲ್ಲವೆಂದು ನಾವು ಪರೀಕ್ಷಿಸಿ ನೋಡಿದ್ದೆವು. ನಾನು ಎದ್ದು ಸಸಿ ತೆಗೆದುಕೊಳ್ಳಲು ಕೈಚಾಚಿದೆ. ಕಾಕಾ ಕೊಡಲಿಲ್ಲ, ನೆಲಕ್ಕಿಟ್ಟರು.

"ತಡಿ ತಂಗಿ. ಮೊದ್ಲ ಸೋಪ ಕೊಡ್ರಿ."

ನಳದ ಕೆಳಗೆ ಕೂತು ಮೊಣಕೈತನಕ ತೊಳೆದುಕೊಂಡರು. ದೋತರಕ್ಕೆ ಒರೆಸಿಕೊಳ್ಳದೆ ಕೈ ಝಾಡಿಸಿ ಗಾಳಿಗೆ ಆರಿಸಿಕೊಂಡರು. ಆಮೇಲೆ ಸಸಿಯ ಒಂದು ಎಲೆ ಕಿತ್ತು, ಎಡಗಣ್ಣು ಮುಚ್ಚಿ, ಬಿಸಿಲಿಗೆ ಎತ್ತಿ ಹಿಡಿದರು. ಬಾಯಿ ತುಸು ತೆರೆದಿತ್ತು. ನನಗೆ ಆಗ ಅಳು ಬಂತು.

"ನರದಾಗ ನೀರ ತುಂಬಿದಂಗಿಲ್ಲ, ಎಲ್ಲಾ ಚೊಕ್ಕ ಅದಾವ ನೋಡ" ಎಂದು ಕಾಕಾ ಎಲೆಯನ್ನು ನನ್ನ ಕಡೆ ಚಾಚಿದರು.

ನಾನು ಕಣ್ಣೊರೆಸಿಕೊಂಡು ನಳದ ಕಡೆ ಹೋದೆ. ಕೈ ತೊಳೆದುಕೊಂಡು ಬಂದು ಎಲೆ ಇಸಿದುಕೊಂಡೆ.